ಸರ್ಕಾರಿ ತಂತ್ರಾಂಶಕ್ಕೆ ಖರೀದಿಯ ಹಣವಿದೆ, ನಿರ್ವಹಣೆಯ ಹಣವೆಲ್ಲಿ?

ಮಾನ್ಯ ಸಂಪಾದಕರೇ,

ಸರ್ಕಾರದ ಹೊಸ ಜಾಲತಾಣವೊಂದು ಉದ್ಘಾಟನೆಯಾದಾಗ ಅದಕ್ಕೆ ತಗುಲಿದ ವೆಚ್ಚವೆಷ್ಟು, ಎಷ್ಟು ಸೇವೆಗಳು ಆನ್‌ಲೈನ್‌ಗೆ ಬಂದವು ಎಂಬ ವಿವರ ಮರುದಿನದ ಪತ್ರಿಕೆಗಳಲ್ಲಿ ಇರುತ್ತದೆ. ಐದು ವರ್ಷಗಳ ನಂತರ ಆ ತಂತ್ರಾಂಶವನ್ನು ನೋಡಿಕೊಳ್ಳುವವರು ಯಾರು, ಅದರೊಳಗೆ ಸೇರಿರುವ ನೂರಾರು ಸಣ್ಣ ಘಟಕಗಳಲ್ಲಿ ಒಂದು ಕೆಟ್ಟರೆ ಸರಿಪಡಿಸುವವರು ಯಾರು, ಅವರ ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ಖಾಸಗಿ ಸಂಸ್ಥೆಗಳ ಸರ್ವರ್‌ಗಳನ್ನು ನಿರ್ವಹಿಸುವ ಕೆಲಸದಲ್ಲಿರುವ ನಾನು ಈ ಪತ್ರದ ಮೂಲಕ ಕೇಳುವುದು ಇಷ್ಟೇ: ರಾಜ್ಯ ಸರ್ಕಾರವು ತಂತ್ರಾಂಶದ ಖರೀದಿಗೆ ಹಣ ಮಂಜೂರು ಮಾಡುವ ಆದೇಶದಲ್ಲಿಯೇ ಅದರ ನಿರ್ವಹಣೆಗೂ, ಅದಕ್ಕೆ ತಳಹದಿಯಾಗಿರುವ ಮುಕ್ತ ತಂತ್ರಾಂಶಗಳ (ಯಾರು ಬೇಕಾದರೂ ಕೋಡ್ ಓದಿ, ಬಳಸಿ, ತಿದ್ದಬಹುದಾದವುಗಳ) ಪೋಷಣೆಗೂ ಹಣ ತೆಗೆದಿರಿಸಬೇಕು, ಮತ್ತು ಅದನ್ನು ಟೆಂಡರ್ ಷರತ್ತಾಗಿ ಬರೆಯಬೇಕು.

ಈ ಬೇಡಿಕೆ ಏಕೆ ಎಂಬುದಕ್ಕೆ 2024ರ ಮಾರ್ಚ್ ತಿಂಗಳಲ್ಲಿ ನಡೆದ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ಸಣ್ಣ ತಂತ್ರಾಂಶವೊಂದಿದೆ. ಸಾಮಾನ್ಯ ಬಳಕೆದಾರರು ಅದರ ಹೆಸರನ್ನೂ ಕೇಳಿರುವುದಿಲ್ಲ, ಆದರೆ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕಿದ ಬಹುತೇಕ ಪ್ರತಿ ಸರ್ವರ್‌ನಲ್ಲೂ ಅದು ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸ್ಸೆ ಕಾಲಿನ್ ಎಂಬ ಒಬ್ಬರೇ. ಇದು ಸಂಬಳವಿಲ್ಲದೆ ಹವ್ಯಾಸಕ್ಕಾಗಿ ಮಾಡುತ್ತಿರುವ ಕೆಲಸ, ಆರೋಗ್ಯದ ತೊಂದರೆಯಿಂದಾಗಿ ಹೆಚ್ಚು ಗಮನ ಕೊಡಲು ಆಗುತ್ತಿಲ್ಲ ಎಂದು ಅವರು 2022ರಲ್ಲಿಯೇ ಬಹಿರಂಗವಾಗಿ ಬರೆದಿದ್ದರು. ಆ ಹೊತ್ತಿಗೆ ಅಪರಿಚಿತ ಹೆಸರುಗಳ ಕೆಲವರು, ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ವಹಿಸಿಕೊಡಿ ಎಂದು ಅವರ ಮೇಲೆ ಮೇಲಿಂದ ಮೇಲೆ ಒತ್ತಡ ಹಾಕಿದರು. ನೆರವಿಗೆ ಬಂದವನು ‘ಜಿಯಾ ಟಾನ್’ ಎಂಬ ಹೆಸರಿನವನು. ಎರಡು ವರ್ಷಕ್ಕೂ ಹೆಚ್ಚು ಕಾಲ ಅವನು ತಾಳ್ಮೆಯಿಂದ, ದೋಷ ಹುಡುಕಲು ಆಸ್ಪದವಿಲ್ಲದಂತೆ ಕೆಲಸ ಮಾಡಿ ವಿಶ್ವಾಸ ಗಳಿಸಿದ, ಹೊಸ ಆವೃತ್ತಿಗಳನ್ನು ಬಿಡುಗಡೆ ಮಾಡುವ ಅಧಿಕಾರ ಪಡೆದ, ಬಳಿಕ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಒಂದು ಹಿಂಬಾಗಿಲನ್ನು ಅಡಗಿಸಿಟ್ಟ. ದೂರದಿಂದ ಸರ್ವರ್‌ಗೆ ಪ್ರವೇಶಿಸಲು ನಾವೆಲ್ಲರೂ ಬಳಸುವ ಎಸ್‌ಎಸ್‌ಎಚ್ ಸೇವೆಯ ಮೂಲಕ, ಒಂದು ಗುಪ್ತ ಕೀಲಿ ಹೊಂದಿದ್ದವನು ಪಾಸ್‌ವರ್ಡ್ ಇಲ್ಲದೆಯೇ ಆ ಸರ್ವರ್‌ಗೆ ಯಾವುದೇ ಆಜ್ಞೆ ಕೊಡಬಹುದಾದ ಹಿಂಬಾಗಿಲು ಅದು. ಜಿಯಾ ಟಾನ್ ಯಾರು, ಅವನ ಹಿಂದೆ ಯಾರಿದ್ದರು ಎಂಬುದು ಬಹಿರಂಗವಾಗಿಲ್ಲ.

ಇದನ್ನು ಪತ್ತೆ ಹಚ್ಚಿದ್ದು ಯಾವುದೇ ಸರ್ಕಾರದ ಭದ್ರತಾ ಸಂಸ್ಥೆಯಲ್ಲ, ಲಕ್ಷಾಂತರ ರೂಪಾಯಿ ಬೆಲೆಯ ಭದ್ರತಾ ಉಪಕರಣವೂ ಅಲ್ಲ. ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ತಂತ್ರಾಂಶದ ಅಭಿವೃದ್ಧಿಯಲ್ಲಿ ತೊಡಗಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ತಮ್ಮ ಪರೀಕ್ಷಾ ಯಂತ್ರಕ್ಕೆ ಎಸ್‌ಎಸ್‌ಎಚ್ ಪ್ರವೇಶ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿದರು. ಸುಮಾರು 0.3 ಸೆಕೆಂಡಿನಲ್ಲಿ ಮುಗಿಯಬೇಕಾದುದಕ್ಕೆ 0.8 ಸೆಕೆಂಡು ಹಿಡಿಯುತ್ತಿತ್ತು. ಇನ್ನೊಬ್ಬರಾಗಿದ್ದರೆ ಅದನ್ನು ಅಲ್ಲಿಗೇ ಬಿಡುತ್ತಿದ್ದರೇನೋ. ಅವರು ಜಾಡು ಹಿಡಿದು ಹೋಗಿ ಮೂಲ ಮುಟ್ಟಿ, ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ದೋಷದ ತೀವ್ರತೆಗೆ ಹತ್ತಕ್ಕೆ ಹತ್ತು ಅಂಕ ಬಿತ್ತು. ಆ ಹೊತ್ತಿಗೆ ಡೆಬಿಯನ್ ಮತ್ತು ಫೆಡೋರಾ ಎಂಬ ಲಿನಕ್ಸ್ ಬಗೆಗಳ ಪರೀಕ್ಷಾ ಹಂತದ ಆವೃತ್ತಿಗಳಿಗೆ ಮಾತ್ರವಲ್ಲದೆ ಇನ್ನೂ ಕೆಲವು ಲಿನಕ್ಸ್‌ಗಳಿಗೆ ಆ ಕೋಡ್ ಸೇರಿತ್ತು. ಸರ್ವರ್‌ಗಳಲ್ಲಿ ಬಳಕೆಯಾಗುವ ಸ್ಥಿರ ಆವೃತ್ತಿಗಳಿಗೆ ಇನ್ನೂ ತಲುಪಿರಲಿಲ್ಲ. ಕೆಲವು ತಿಂಗಳು ತಡವಾಗಿದ್ದರೆ ನಮ್ಮ ಬ್ಯಾಂಕುಗಳ, ಆಸ್ಪತ್ರೆಗಳ, ಸರ್ಕಾರಿ ಕಚೇರಿಗಳ ಸರ್ವರ್‌ಗಳೂ ಅದರ ವ್ಯಾಪ್ತಿಗೆ ಬರುತ್ತಿದ್ದವು.

ತಂತ್ರಾಂಶ ಸಿದ್ಧಪಡಿಸುವ ಸಾಧನಗಳ ಬಗ್ಗೆಯೂ ಈ ಪ್ರಕರಣದಲ್ಲಿ ಒಂದು ಪಾಠವಿದೆ. ಹಿಂಬಾಗಿಲಿನ ಮುಖ್ಯ ಭಾಗವನ್ನು ಪರೀಕ್ಷೆಗೆಂದು ಇಟ್ಟ ಕಡತಗಳೊಳಗೆ ಬಚ್ಚಿಡಲಾಗಿತ್ತು. ಅದನ್ನು ಹೊರತೆಗೆದು ಜೋಡಿಸುವ ಸಾಲುಗಳು ಎಲ್ಲರಿಗೂ ಕಾಣುವ ಗಿಟ್ ಎಂಬ ಕೋಡ್ ಭಂಡಾರದಲ್ಲಿ ಇರಲೇ ಇಲ್ಲ. ಬಿಡುಗಡೆಗೆಂದು ಪ್ರತ್ಯೇಕವಾಗಿ ಕಟ್ಟಿದ ಕಡತದಲ್ಲಿ ಮಾತ್ರ, ಬಿಲ್ಡ್ ಮಾಡುವ, ಅಂದರೆ ಕೋಡ್‌ನಿಂದ ಓಡಬಲ್ಲ ತಂತ್ರಾಂಶ ತಯಾರಿಸುವ ಸ್ಕ್ರಿಪ್ಟಿನೊಳಗೆ ಇದ್ದವು. ಆ ಬಗೆಯ ಸ್ಕ್ರಿಪ್ಟುಗಳು ಎಷ್ಟು ಉದ್ದವೂ ಜಟಿಲವೂ ಆಗಿರುತ್ತವೆಂದರೆ ಅನುಭವಿಗಳೂ ಅವನ್ನು ಓದದೆ ಓಡಿಸಿಬಿಡುತ್ತಾರೆ. ಓದಬಲ್ಲ ಕೋಡ್‌ನಿಂದ ನೇರವಾಗಿ, ಯಾರು ಎಲ್ಲಿ ಬಿಲ್ಡ್ ಮಾಡಿದರೂ ಅದೇ ಫಲಿತಾಂಶ ಬರುವ ಹಾಗೆ ತಂತ್ರಾಂಶ ತಯಾರಾಗಬೇಕು ಎಂದು ಡೆಬಿಯನ್ ಸಮುದಾಯದವರು ಬಹುಕಾಲದಿಂದ ಶ್ರಮಿಸುತ್ತಿರುವುದು ಈ ಕಾರಣಕ್ಕೇ. ನಮ್ಮ ಇಲಾಖೆಗಳಿಗೂ ಇದು ಅನ್ವಯಿಸುತ್ತದೆ. ಗುತ್ತಿಗೆದಾರರು ಸಿದ್ಧಪಡಿಸಿದ ತಂತ್ರಾಂಶದ ಸೋರ್ಸ್ ಕೋಡ್ ಮತ್ತು ಅದನ್ನು ಬಿಲ್ಡ್ ಮಾಡುವ ಕ್ರಮ ಇಲಾಖೆಯ ಕೈಯಲ್ಲೇ ಇರಬೇಕು, ಮತ್ತು ಇಲಾಖೆಯವರೇ ಒಮ್ಮೆ ಅದನ್ನು ಮೊದಲಿನಿಂದ ಬಿಲ್ಡ್ ಮಾಡಿ ನೋಡಿದ ಮೇಲಷ್ಟೇ ಅಂತಿಮ ಕಂತಿನ ಹಣ ಬಿಡುಗಡೆಯಾಗಬೇಕು. ಓಡುತ್ತಿರುವ ಸರ್ವರ್ ಒಂದನ್ನೇ ಹಸ್ತಾಂತರಿಸಿಕೊಂಡು ಸಹಿ ಹಾಕಿದರೆ, ಗುತ್ತಿಗೆದಾರ ಬದಲಾದ ದಿನ ಇಲಾಖೆಯ ಬಳಿ ಏನೂ ಉಳಿಯುವುದಿಲ್ಲ.

ಎಕ್ಸ್‌ಜೆಡ್ ಪ್ರಕರಣ ಒಂಟಿಯಲ್ಲ. 2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ, ಜಗತ್ತಿನ ಅಂತರ್ಜಾಲ ವ್ಯವಹಾರದ ಬಹುಪಾಲನ್ನು ಗೂಢಲಿಪಿಯಲ್ಲಿ ಕಾಪಾಡುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ಪೂರ್ಣಾವಧಿ ಕೆಲಸ ಮಾಡುವವರು ಒಬ್ಬರೇ ಇದ್ದರೆಂಬುದು ತಿಳಿಯಿತು. 2021ರ ಡಿಸೆಂಬರ್‌ನಲ್ಲಿ ಜಾವಾ ತಂತ್ರಾಂಶಗಳೊಳಗೆ ಚಟುವಟಿಕೆ ದಾಖಲಿಸಲು ಬಳಸುವ ‘ಲಾಗ್4ಜೆ’ ಎಂಬ ಘಟಕದಲ್ಲಿ ದೋಷ ಕಂಡಾಗ ಸ್ವಯಂಸೇವಕರು ರಾತ್ರಿ ಹಗಲೆನ್ನದೆ ಕುಳಿತು ಪರಿಹಾರ ಬಿಡುಗಡೆ ಮಾಡಿದರು, ಆದರೆ ಜಗತ್ತಿನಾದ್ಯಂತ ಸರ್ವರ್ ನಿರ್ವಾಹಕರಿಗೆ ಹೆಚ್ಚು ಕಷ್ಟವಾದದ್ದು ದೋಷ ಸರಿಪಡಿಸುವುದಲ್ಲ, ತಮ್ಮ ಯಾವ ಯಾವ ತಂತ್ರಾಂಶದೊಳಗೆ ಅದು ಸೇರಿಕೊಂಡಿದೆ ಎಂದು ಹುಡುಕುವುದು. ಆ ಪಟ್ಟಿ ಕೈಯಲ್ಲಿದ್ದವರು ಬಹಳ ಕಡಿಮೆ.

ನೀತಿಯ ವಿಷಯಕ್ಕೆ ಬರುತ್ತೇನೆ. ಕೇಂದ್ರ ಸರ್ಕಾರವು ಮುಕ್ತ ತಂತ್ರಾಂಶ ಅಳವಡಿಕೆಯ ನೀತಿಯನ್ನು 2015ರಲ್ಲಿಯೇ ಪ್ರಕಟಿಸಿತು. ಇ-ಆಡಳಿತದ ಯೋಜನೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು, ಅದನ್ನು ಬಿಟ್ಟರೆ ಕಾರಣ ಕೊಡಬೇಕು ಎಂದು ಅದು ಹೇಳುತ್ತದೆ. ಒಳ್ಳೆಯ ನೀತಿ, ಅದನ್ನು ಮನಸಾರೆ ಬೆಂಬಲಿಸುತ್ತೇನೆ. ದೇಶ ವಿದೇಶಗಳ ಮುಕ್ತ ತಂತ್ರಾಂಶ ಸಮುದಾಯಗಳೊಂದಿಗೆ ಸರ್ಕಾರ ಸಹಕರಿಸಿ ಸೂಕ್ತವಾದಲ್ಲಿ ಕೊಡುಗೆ ನೀಡುವುದೆಂಬ ಮಾತೂ ಅದರಲ್ಲಿದೆ. ಆದರೆ ‘ಸೂಕ್ತವಾದಲ್ಲಿ’ ಎಂದಷ್ಟೇ ಬರೆದರೆ ಯಾವ ಅಧಿಕಾರಿಯೂ ಕಡತ ಮುಂದಿಡಲಾರ: ಎಷ್ಟು ಹಣ, ಯಾವ ಬಾಬಿನಿಂದ, ಯಾರ ಮಂಜೂರಾತಿಯಿಂದ ಎಂಬುದು ಗೊತ್ತಿರಬೇಕು. ಫಲವಾಗಿ, ಮುಕ್ತ ತಂತ್ರಾಂಶವೆಂದರೆ ಪರವಾನಗಿ ಶುಲ್ಕ ಉಳಿಸುವ ದಾರಿ ಎಂಬ ತಿಳಿವಳಿಕೆಯೇ ಕಚೇರಿಗಳಲ್ಲಿ ನೆಲೆಯೂರಿದೆ.

2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಸರ್ವರ್‌ನ ಚಟುವಟಿಕೆಯ ದಾಖಲೆಗಳಾದ ಲಾಗ್‌ಗಳನ್ನು 180 ದಿನ ಕಾಯ್ದಿರಿಸಬೇಕು, ಸರ್ವರ್‌ಗಳ ಗಡಿಯಾರವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ ಹೊಂದಿಸಬೇಕು ಎಂಬ ನಿಯಮಗಳವು. ಆರು ಗಂಟೆಯ ಗಡುವು ಬಿಗಿಯಾಯಿತೆಂದು ಅನೇಕರು ಆಕ್ಷೇಪಿಸಿದರು. ನನಗೆ ಅದಕ್ಕಿಂತ ಗಂಭೀರವಾಗಿ ಕಾಣುವುದು ಬೇರೊಂದು ಸಂಗತಿ. 180 ದಿನದ ಲಾಗ್‌ಗಳನ್ನು ಇಟ್ಟುಕೊಳ್ಳುವುದಕ್ಕೆ ಡಿಸ್ಕ್ ಸಾಕು, ಅವನ್ನು ಓದುವುದಕ್ಕೆ ಮನುಷ್ಯರು ಬೇಕು. ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ಗಮನಿಸಬಲ್ಲ ಒಬ್ಬ ಅನುಭವಿ ನಿರ್ವಾಹಕನನ್ನು, ವರ್ಷ ವರ್ಷ ಏಜೆನ್ಸಿ ಬದಲಾಗುವ ಹೊರಗುತ್ತಿಗೆಯಲ್ಲಿ ದುಡಿಸಿಕೊಂಡು ಉಳಿಸಿಕೊಳ್ಳಲು ಸಾಧ್ಯವಿಲ್ಲ.

ಆಪರೇಟಿಂಗ್ ಸಿಸ್ಟಂಗಳ ಬೆಂಬಲದ ಅವಧಿಯ, ಅಂದರೆ ತಯಾರಕರು ದೋಷ ಪರಿಹಾರ ಒದಗಿಸುವ ಅವಧಿಯ ವಿಚಾರವೂ ಇದೇ. ನಮ್ಮ ದೇಶದಲ್ಲಿ ಬಹಳ ಕಡೆ ಬಳಕೆಯಲ್ಲಿದ್ದ ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ಗೆ 2024ರ ಜೂನ್ 30ರಂದು ಬೆಂಬಲ ನಿಂತಿತು. 2029ರವರೆಗೆ ನಡೆಯುತ್ತದೆಂದು ಎಲ್ಲರೂ ನಂಬಿದ್ದ ಸೆಂಟ್‌ಓಎಸ್ 8ನ್ನು 2021ರ ಕೊನೆಗೇ ನಿಲ್ಲಿಸುವುದಾಗಿ ರೆಡ್ ಹ್ಯಾಟ್ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ಘೋಷಿಸಿತ್ತು. ಅಲ್ಮಾ ಲಿನಕ್ಸ್, ರಾಕಿ ಲಿನಕ್ಸ್‌ಗಳು ಆ ಖಾಲಿ ಜಾಗ ತುಂಬಲು ಹುಟ್ಟಿದವು, ಬದಲಾಯಿಸಿಕೊಳ್ಳುವುದು ಅಸಾಧ್ಯವೇನೂ ಆಗಿರಲಿಲ್ಲ. ಆದರೂ ಬೆಂಬಲ ಮುಗಿದ ಆವೃತ್ತಿಯಲ್ಲೇ ಕೆಲಸ ಮುಂದುವರಿಸುತ್ತಿದ್ದ ಒಂದು ಕಚೇರಿಯ ಸರ್ವರ್ ನೋಡಲು ನನ್ನನ್ನು ಕರೆದಿದ್ದರು. ಅಲ್ಲಿ ನಿರ್ಲಕ್ಷ್ಯವೇನೂ ಇರಲಿಲ್ಲ. ಅಳವಡಿಸಿದ ಸಂಸ್ಥೆಯ ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ಮುಗಿದಿತ್ತು, ಅದರ ಷರತ್ತುಗಳಲ್ಲಿ ಆವೃತ್ತಿ ಬದಲಾವಣೆ ಸೇರಿರಲಿಲ್ಲ, ಹೊಸ ಟೆಂಡರ್ ಕರೆಯಲು ಅನುದಾನವಿರಲಿಲ್ಲ. ಸಿಬ್ಬಂದಿ ಅಪಾಯ ಅರಿತವರೇ, ಆದರೆ ಕೈಕಟ್ಟಿ ಕುಳಿತುಕೊಳ್ಳುವುದನ್ನು ಬಿಟ್ಟು ಅವರಿಗೆ ಬೇರೆ ದಾರಿಯಿರಲಿಲ್ಲ.

ಇಷ್ಟು ರಗಳೆ ಏಕೆ, ಹಣ ಕೊಟ್ಟು ದೊಡ್ಡ ಕಂಪನಿಯ ತಂತ್ರಾಂಶವನ್ನೇ ಕೊಂಡರೆ ಆಯಿತಲ್ಲ ಎನ್ನುವವರಿದ್ದಾರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಸ್ಥಗಿತಗೊಂಡು, ನಮ್ಮ ವಿಮಾನ ನಿಲ್ದಾಣಗಳಲ್ಲಿಯೂ ಬೋರ್ಡಿಂಗ್ ಪಾಸ್‌ಗಳನ್ನು ಕೈಯಿಂದ ಬರೆದುಕೊಡಬೇಕಾಯಿತು. ಅದು ಹಣ ಕೊಟ್ಟು ಕೊಂಡ ತಂತ್ರಾಂಶವೇ. ಅಲ್ಲದೆ ಅಂತಹ ಕಂಪನಿಗಳ ತಂತ್ರಾಂಶದೊಳಗೂ ಅವೇ ಓಪನ್‌ಎಸ್‌ಎಸ್‌ಎಲ್, ಲಾಗ್4ಜೆ ಇರುತ್ತವೆ. ವ್ಯತ್ಯಾಸವೆಂದರೆ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಕಟ್ಟಿದ್ದನ್ನು ಕಾಯಲು ಪ್ರತ್ಯೇಕ ಆದಾಯ ಗೊತ್ತುಮಾಡುವುದು ಈ ನಾಡಿಗೆ ಹೊಸದಲ್ಲ. ಕೆರೆ ಕಟ್ಟಿಸಿದವರು ಅದರ ದುರಸ್ತಿಗೂ ಹೂಳೆತ್ತುವುದಕ್ಕೂ ಭೂಮಿಯ ಉತ್ಪನ್ನವನ್ನು ಬಿಟ್ಟುಕೊಟ್ಟ ದತ್ತಿಗಳನ್ನು ನಮ್ಮ ಶಾಸನಗಳು ದಾಖಲಿಸಿವೆ. ಇಂದಿನ ಉದಾಹರಣೆಯೇ ಬೇಕೆಂದರೆ, ಜರ್ಮನಿಯ ಸರ್ಕಾರ 2022ರಲ್ಲಿ ಸಾವರಿನ್ ಟೆಕ್ ಫಂಡ್ ಎಂಬ ನಿಧಿ ಸ್ಥಾಪಿಸಿ, ಅದೇ ಲಾಗ್4ಜೆ ತಂತ್ರಾಂಶವೂ ಸೇರಿದಂತೆ ಹಲವು ಮುಕ್ತ ತಂತ್ರಾಂಶಗಳ ನಿರ್ವಾಹಕರಿಗೆ ಸಾರ್ವಜನಿಕ ಹಣ ನೀಡುತ್ತಿದೆ. ಇನ್ನೂ ಹತ್ತಿರದಲ್ಲಿ, ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ನೀಡುವ ನಿಧಿಯನ್ನು ಆರಂಭಿಸಿತು. ಒಂದು ಖಾಸಗಿ ಕಂಪನಿ ತಾನು ಬಳಸಿದ್ದಕ್ಕೆ ಪ್ರತಿಯಾಗಿ ಇಷ್ಟು ಮಾಡಬಹುದಾದರೆ, ಭೂಮಿ, ಕಾವೇರಿ, ಸೇವಾ ಸಿಂಧುಗಳಂತಹ ವ್ಯವಸ್ಥೆಗಳ ಮೂಲಕ ಕೋಟ್ಯಂತರ ನಾಗರಿಕರ ದಾಖಲೆಗಳನ್ನು ಇಟ್ಟುಕೊಂಡಿರುವ ರಾಜ್ಯ ಸರ್ಕಾರ ಮಾಡಲಾಗದೇ?

ಸರ್ಕಾರಿ ಖರೀದಿಗಳ ಪಾರದರ್ಶಕತೆಗೆ ಸಂಬಂಧಿಸಿದ ಕೆಟಿಪಿಪಿ ಕಾಯ್ದೆಯಡಿ ಕರೆಯುವ ತಂತ್ರಾಂಶ ಟೆಂಡರ್‌ಗಳ ಮಾದರಿಯಲ್ಲಿ ಹೀಗೆ ಬರೆಯಬಹುದು: ಯೋಜನಾ ವೆಚ್ಚದ ಪ್ರತಿ ನೂರು ರೂಪಾಯಿಗೆ ಒಂದು ರೂಪಾಯಿಯನ್ನು ಆ ಯೋಜನೆ ಆಧರಿಸಿರುವ ಮುಕ್ತ ತಂತ್ರಾಂಶಗಳ ನಿರ್ವಹಣೆಗೆಂದು ಇ-ಆಡಳಿತ ಇಲಾಖೆಯ ನಿಧಿಗೆ ಜಮಾ ಮಾಡತಕ್ಕದ್ದು, ಬಳಸಿದ ಆಪರೇಟಿಂಗ್ ಸಿಸ್ಟಂನ ಬೆಂಬಲ ಗುತ್ತಿಗೆಯ ಅವಧಿಯೊಳಗೆ ಮುಗಿಯುವುದಾದರೆ ಹೊಸ ಆವೃತ್ತಿಗೆ ಬದಲಾಯಿಸುವ ಹೊಣೆ ಗುತ್ತಿಗೆದಾರನದೇ. ತಂತ್ರಾಂಶದೊಳಗಿನ ಘಟಕಗಳ ಪಟ್ಟಿಯನ್ನು, ಅಂದರೆ ಎಸ್‌ಬಾಮ್ ಅನ್ನು ಸಿದ್ಧಪಡಿಸುವ ಬಗೆಯನ್ನು ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿಯೇ ಮಾರ್ಗಸೂಚಿಯಾಗಿ ಪ್ರಕಟಿಸಿದೆ. ಅದನ್ನು ರಾಜ್ಯದ ಟೆಂಡರ್‌ಗಳಲ್ಲಿ ಕಡ್ಡಾಯಗೊಳಿಸಿದರೆ ಮತ್ತೊಂದು ಲಾಗ್4ಜೆ ಬಂದ ದಿನ ಇಲಾಖೆಗಳು ಕತ್ತಲಲ್ಲಿ ತಡಕಾಡಬೇಕಾಗಿಲ್ಲ. ನೂರಕ್ಕೆ ಒಂದು ಎಂಬುದು ನನ್ನ ಸಲಹೆ ಅಷ್ಟೇ. ಪ್ರಮಾಣವನ್ನು ತಜ್ಞರು ನಿರ್ಧರಿಸಲಿ, ಆದರೆ ಅದು ಸೊನ್ನೆಯಾಗಿರಬಾರದು.

ಮುಂದಿನ ಬಜೆಟ್ ಸಿದ್ಧತೆ ಆರಂಭವಾಗುವ ಮುನ್ನ, ರಾಜ್ಯ ದತ್ತಾಂಶ ಕೇಂದ್ರದಲ್ಲಿಯೂ ಇಲಾಖೆಗಳ ಸ್ವಂತ ಕೊಠಡಿಗಳಲ್ಲಿಯೂ ಓಡುತ್ತಿರುವ ಸರ್ವರ್‌ಗಳ ಪೈಕಿ ಬೆಂಬಲದ ಅವಧಿ ಮುಗಿದವು ಎಷ್ಟು ಎಂಬ ಸಂಖ್ಯೆಯನ್ನು ಇ-ಆಡಳಿತ ಇಲಾಖೆ ವಿಧಾನಮಂಡಲದ ಮುಂದೆ ಇಡಬೇಕೆಂದು ಕೋರುತ್ತೇನೆ. ಯಾವ ಸರ್ವರ್, ಯಾವ ಇಲಾಖೆ ಎಂಬ ವಿವರ ಬೇಡ, ಅದು ದಾಳಿಕೋರರಿಗೆ ನೆರವಾದೀತು. ಒಟ್ಟು ಸಂಖ್ಯೆ ಮತ್ತು ಅವನ್ನು ಬದಲಾಯಿಸಲು ಬೇಕಾಗುವ ಹಣ, ಇವೆರಡು ತಿಳಿದರೆ ಸದಸ್ಯರು ಅನುದಾನದ ಬೇಡಿಕೆಯ ಮೇಲೆ ಅರ್ಥಪೂರ್ಣವಾಗಿ ಚರ್ಚಿಸಬಲ್ಲರು.

ಇಂತಿ,
ಒಬ್ಬ ಸರ್ವರ್ ನಿರ್ವಾಹಕ, ಹುಬ್ಬಳ್ಳಿ