ಪೀಣ್ಯದ ಆ ಅಣ್ಣನಿಗೆ ಥ್ಯಾಂಕ್ಸ್

ಕಳೆದ ಗುರುವಾರ ರಾತ್ರಿ ರಾಜಾಜಿನಗರದ ನಮ್ಮ ಪುಟ್ಟ ಡೆಂಟಲ್ ಲ್ಯಾಬ್‌ಗೆ ಬಂದು ಕೃತಕ ಹಲ್ಲು ಕೊರೆದು ಮಾಡುವ ಮಿಲ್ಲಿಂಗ್ ಮೆಷಿನ್ ಸರಿ ಮಾಡಿಕೊಟ್ಟ ಅಣ್ಣನಿಗೆ ಈ ಬರಹ. ಗಡಿಬಿಡಿಯಲ್ಲಿ ಹೆಸರು ಕೇಳಲಿಲ್ಲ. ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಕೆಲಸ ಅಂದಿದ್ದರು, ಅಷ್ಟೇ ಗೊತ್ತು.

ಟೂಲ್ ಬದಲಿಸುವಾಗ ಮೆಷಿನ್ ಹಳೇ ಬರ್ (ಕೊರೆಯುವ ಟೂಲ್) ಬಿಡುತ್ತಲೇ ಇರಲಿಲ್ಲ. ಪ್ರತಿ ಸಲ ಎರರ್. ಒಳಗೆ ಅರ್ಧ ಕೊರೆದ ಜಿರ್ಕೋನಿಯಾ (ಬಿಳಿ ಸೆರಾಮಿಕ್) ಡಿಸ್ಕ್. ಮೂರು ಕ್ರೌನ್ (ಹಲ್ಲಿನ ಕ್ಯಾಪ್) ಆ ರಾತ್ರಿಯೇ ಸಿಂಟರಿಂಗ್‌ಗೆ, ಅಂದರೆ ಕುಲುಮೆಯಲ್ಲಿ ಸುಟ್ಟು ಗಟ್ಟಿ ಮಾಡೋಕೆ, ಹೋಗಬೇಕಿತ್ತು. ಕೆಳಗಿನ ಟೀ ಅಂಗಡಿಯಲ್ಲಿ ನಾನು ಫೋನಲ್ಲಿ ಗೋಳು ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಅವರು, "ಒಂದ್ಸಲ ನೋಡ್ಲಾ ಮೇಡಂ?" ಅಂದರು.

ಕಂಪ್ಯೂಟರ್ ಮುಟ್ಟಲೇ ಇಲ್ಲ. ಗಾಳಿಯ ಒತ್ತಡ ತೋರಿಸುವ ಗೇಜ್ ಮುಂದೆ ಕೂತರು. ಸುಮ್ನೆ ಇದ್ದಾಗ 6 ಬಾರ್. ಟೂಲ್ ಹಿಡಿಯುವ ಬಾಯಿ, ಅಂದರೆ ಕೊಲೆಟ್, ಗಾಳಿಯ ಒತ್ತಡದಿಂದ ತೆರೆಯುವಾಗ ಮುಳ್ಳು ಸರ್ರನೆ 4ಕ್ಕೆ ಇಳಿಯಿತು. "ಗಾಳಿ ಸಾಲ್ತಿಲ್ಲ, ಬಾಯಿ ಹೇಗೆ ಬಿಡುತ್ತೆ?" ಅಂದರು. ಮೆಷಿನ್ ಹಿಂದೆ ಪೈಪ್ ಮಡಚಿಕೊಂಡಿತ್ತು, ಫಿಲ್ಟರ್ ಬಟ್ಟಲಲ್ಲಿ ನೀರು ನಿಂತಿತ್ತು. ಎರಡನ್ನೂ ಸರಿ ಮಾಡಿದರು.

ಆಮೇಲೆ ಕೊಲೆಟ್ ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದರು. ಸೀಳುಗಳಲ್ಲೆಲ್ಲ ಬಿಳಿ ಪುಡಿ, ಗೋಡೆಗೆ ಸುಣ್ಣ ಹಿಡಿದ ಹಾಗೆ! ಪುಟ್ಟ ಬ್ರಷ್‌ನಿಂದ ಒಂದೊಂದೇ ಸೀಳು ಬಿಡಿಸಿ, ಹೊರಮೈಗೆ ಚೂರೇ ಚೂರು ಗ್ರೀಸ್ ಸವರಿದರು. ಟೂಲ್ ತಿರುಗಿಸುವ ಸ್ಪಿಂಡಲ್ ಕಡೆ ನಾನು ಏರ್ ಗನ್ ಎತ್ತಿಕೊಂಡಾಗ ಕೈ ಹಿಡಿದಷ್ಟು ಜೋರಾಗಿ ತಡೆದರು: "ಸ್ಪಿಂಡಲ್‌ಗೆ ಊದಬೇಡಿ, ಪುಡಿ ಒಳಗೆ ಹೋಗುತ್ತೆ." ಈ ಮಾತು ನನಗೆ ಯಾರೂ ಹೇಳಿರಲಿಲ್ಲ.

ಮುಂದಿನ ಟೂಲ್ ಟಕ್ ಅಂತ ಕೂತಿತು. ದುಡ್ಡು ಬೇಡ ಅಂದರು, ಇನ್ನೊಂದು ಟೀ ಸಾಕಂತೆ. ಅಣ್ಣ, ಮೂರೂ ಕ್ರೌನ್ ಟೈಮಿಗೆ ಹೋದವು. ತುಂಬಾ ತುಂಬಾ ಥ್ಯಾಂಕ್ಸ್.