ಲ್ಯಾಬಿನವರು, ಲೆಕ್ಕದವರು

ಈ ಸಲ ರಜೆಗೆ ಊರಿಗೆ ಹೋಗಿ ಬಂದವರಲ್ಲಿ ಹಲವರು ಒಂದೇ ಪ್ರಶ್ನೆ ಹೊತ್ತು ತಂದಿದ್ದಾರೆ. ಬೆಳಗಾವಿ, ಜಮಖಂಡಿ, ಸಿಂದಗಿ ಕಡೆಯ ನೆಂಟರು ಕೇಳಿದ್ದಂತೆ: "ಹುಡುಗಿ ಬಯೋಕೆಮಿಸ್ಟ್ರಿ ತಗೊಂಡಾಳ. ಮುಂದ ಏನ್ ಮಾಡ್ತಾಳ್ರೀ?"

ನಾನು ಅವರಿಗೆ ಹರ್ಬರ್ಟ್ ಬೋಯರ್ ಕಥೆ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದಲ್ಲಿದ್ದ ಬಯೋಕೆಮಿಸ್ಟ್. ಡಿಎನ್‌ಎ ಕತ್ತರಿಸುವ ಕಿಣ್ವಗಳ (ಎನ್‌ಜೈಮ್) ಮೇಲೆ ಅವರ ಕೆಲಸ. 1973ರಲ್ಲಿ ಇನ್ನೊಬ್ಬ ವಿಜ್ಞಾನಿ ಸ್ಟಾನ್ಲಿ ಕೋಹೆನ್ ಜೊತೆ ಸೇರಿ, ಬೇರೆ ಕಡೆಯ ಡಿಎನ್‌ಎ ತುಂಡನ್ನು ಬ್ಯಾಕ್ಟೀರಿಯಾದೊಳಗೆ ಕೂಡಿಸಿ ತೋರಿಸಿದರು. ಇದರಿಂದ ವ್ಯಾಪಾರ ಮಾಡಬಹುದು ಅಂತ ಅವರ ಬಾಗಿಲು ತಟ್ಟಿದ್ದು ರಾಬರ್ಟ್ ಸ್ವಾನ್ಸನ್, 28ರ ಹುಡುಗ, ಬಂಡವಾಳ ಹೂಡುವ ಕಂಪನಿಯಲ್ಲಿ ಪಳಗಿದವನು. ಬೋಯರ್ ಕೊಟ್ಟದ್ದು ಹತ್ತು ನಿಮಿಷ. ಬಿಯರ್ ಕುಡಿಯುತ್ತ ಮಾತು ಮೂರು ತಾಸು ನಡೆಯಿತಂತೆ. ತಲಾ 500 ಡಾಲರ್ ಹಾಕಿ 1976ರಲ್ಲಿ ಜೆನೆಂಟೆಕ್ ಅನ್ನೋ ಕಂಪನಿ ಶುರು ಮಾಡಿದರು.

ಆಗ ಇನ್ಸುಲಿನ್ ಬರುತ್ತಿದ್ದದ್ದು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ. ಎರಡು ಟನ್ ಅರೆದರೂ ಶುದ್ಧ ಇನ್ಸುಲಿನ್ ಕಾಲು ಕಿಲೋ ಆಗುತ್ತಿರಲಿಲ್ಲ. 1978ರಲ್ಲಿ ಜೆನೆಂಟೆಕ್‌ನವರು ಬ್ಯಾಕ್ಟೀರಿಯಾದ ಕೈಯಲ್ಲೇ ಮನುಷ್ಯರ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅಮೆರಿಕದಲ್ಲಿ ಅದರ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಮಾರಿದ್ದು ಎಲಿ ಲಿಲ್ಲಿ ಕಂಪನಿ. ಅದಕ್ಕೂ ಮೊದಲೇ, 1980ರಲ್ಲಿ, ಜೆನೆಂಟೆಕ್‌ನ 35 ಡಾಲರಿನ ಷೇರು ಪೇಟೆಗೆ ಬಂದ ದಿನವೇ 88 ಮುಟ್ಟಿತ್ತು.

ಬೋಯರ್ ಮೇಷ್ಟರಿಕೆ ಬಿಡಲಿಲ್ಲ. ವಿಶ್ವವಿದ್ಯಾಲಯದ ಲ್ಯಾಬಿನಲ್ಲೇ ಕಂಪನಿ ಕೆಲಸ ನಡೆಸಿದ್ದಕ್ಕೆ ಜೊತೆಯವರು ಸಿಟ್ಟಾದರು. ಆ ಸಿಟ್ಟು ಸುಮ್ನೆ ಬಂದದ್ದಲ್ಲ ಅಂತ ನನಗನ್ನಿಸುತ್ತದೆ. ಜನರ ದುಡ್ಡಿನ ಲ್ಯಾಬ್, ಲಾಭ ಇನ್ಯಾರಿಗೋ!

ಇದೆಲ್ಲ ಅಮೆರಿಕದ ಮಾತು, ನಮಗೇನು ಅನ್ನಬೇಡಿ. ಕಬ್ಬಿನ ಬಾಕಿ ಬರಲಿಲ್ಲ ಅಂತ ನಾವು ಬಯ್ಯುವ ಸಕ್ಕರೆ ಫ್ಯಾಕ್ಟರಿಗಳಲ್ಲೇ ಕಾಕಂಬಿಗೆ (ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕ) ಯೀಸ್ಟ್ ಹಾಕಿ ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ಹುದುಗಿಸುತ್ತಾರೆ. ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಹೀಗೆ ಇಥೆನಾಲ್ ತಯಾರಾಗುತ್ತದೆ. ಈ ವಿದ್ಯೆ ಕಲಿಸಲಿಕ್ಕೆ ಬೆಳಗಾವಿಯಲ್ಲಿ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಇನ್ಸುಲಿನ್ ಟ್ಯಾಂಕಿನಲ್ಲಿ ಶುಚಿ, ಜಾಗ್ರತೆ ಎಷ್ಟೋ ಪಟ್ಟು ಜಾಸ್ತಿ. ಆದರೂ ಎರಡೂ ಕಡೆ ದುಡಿಯುವುದು ಸೂಕ್ಷ್ಮಜೀವಿಗಳೇ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಒಂದು ಬಗೆಯ ಯೀಸ್ಟಿನಿಂದಲೇ ಬಂದದ್ದು. ಆ ಕಂಪನಿ ಕಟ್ಟಿದ ಕಿರಣ್ ಮಜುಂದಾರ್ ಶಾ ಕಲಿತದ್ದು ಬಿಯರ್ ತಯಾರಿಕೆ. 1978ರಲ್ಲಿ ಅವರು ಶುರು ಮಾಡಿದ್ದು ಪಪ್ಪಾಯಿಯ ಕಿಣ್ವ ತೆಗೆಯುವುದರಿಂದ.

ನಮ್ಮ ಕಡೆ ಓದಿದ ಮಕ್ಕಳಿಗೂ ಕೊರತೆಯಿಲ್ಲ, ವ್ಯಾಪಾರ ಬಲ್ಲವರಿಗೂ ಕೊರತೆಯಿಲ್ಲ. ಇವರಿಬ್ಬರೂ ಮೂರು ತಾಸು ಕೂತು ಮಾತಾಡುವುದೇ ಅಪರೂಪ. ನಮ್ಮ ಸಂಘದಲ್ಲೇ ನೋಡಿ. ಲ್ಯಾಬಿನ ಹುಡುಗರು ಒಂದು ಮೇಜಿಗೆ, ವ್ಯಾಪಾರದವರು ಇನ್ನೊಂದು ಮೇಜಿಗೆ, ಅಲ್ವಾ?

ಅದಕ್ಕೇ ರಾಜ್ಯೋತ್ಸವದ ಊಟಕ್ಕೆ ಈ ಸಲ ಚೀಟಿ ಎತ್ತಿ ಕೂರಿಸುತ್ತೇವೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇರುತ್ತದೆ. ಬಿಯರ್ ಇಲ್ಲ, ಮಜ್ಜಿಗೆ ಉಂಟು. ಹೆಸರು ಕೊಡುವಾಗ ನೀವು ಏನು ಕೆಲಸ ಮಾಡುತ್ತೀರಿ ಅನ್ನೋದನ್ನೂ ಬರೆಯಿರಿ.