ಬ್ಲಾಕ್‌ಚೈನ್ ಹೆಸರು: ಕೀ ಕಳೆದರೆ ಕೇಳೋರು ಯಾರು?

ಮಾನ್ಯ ಸಂಪಾದಕರೇ,

ನಾನು ಅಂಗಡಿಗಳಿಗೆ ಬೋರ್ಡು, ವೆಬ್‌ಸೈಟು ಮಾಡಿಕೊಡುವವನು. ಈಚೆಗೆ ನಮ್ಮೂರ ವ್ಯಾಪಾರಿಗಳಿಗೆ ಏಜೆಂಟರು ಬ್ಲಾಕ್‌ಚೈನ್ ಹೆಸರು ಮಾರುತ್ತಿದ್ದಾರೆ. ಅದು ವೆಬ್ ವಿಳಾಸದಂಥ ಹೆಸರೇ, ಆದರೆ ಅದರ ದಾಖಲೆ ಒಂದು ಕಂಪನಿಯ ಬಳಿ ಇರದೆ ಹಲವು ಕಂಪ್ಯೂಟರುಗಳಲ್ಲಿ ಹಂಚಿಹೋಗಿರುತ್ತದೆ. ಒಮ್ಮೆ ಕೊಂಡರೆ ಜೀವನಪೂರ್ತಿ ನಿಮ್ಮದೇ, ಯಾರೂ ಕಿತ್ತುಕೊಳ್ಳೋಕೆ ಆಗಲ್ಲ ಅನ್ನುತ್ತಾರೆ. ಅದು ಅರ್ಧ ಮಾತು ಅಷ್ಟೆ.

ಈಗಿನ ಡೊಮೇನ್ (ವೆಬ್‌ಸೈಟ್ ವಿಳಾಸ) ಪಾಸ್‌ವರ್ಡ್ ಮರೆತರೆ ಅದನ್ನು ಮಾರಿದ ಕಂಪನಿಗೆ ದಾಖಲೆ ತೋರಿಸಿ ವಾಪಸ್ ಪಡೆಯಬಹುದು. ಸುಳ್ಳು ದಾಖಲೆ ಹಿಡಿದು ಕಳ್ಳನೂ ಅದೇ ದಾರಿಯಲ್ಲಿ ಬರಬಹುದು, ನಿಜ. ಬ್ಲಾಕ್‌ಚೈನ್‌ನಲ್ಲಿ ಆ ದಾರಿಯನ್ನೇ ಮುಚ್ಚಿದ್ದಾರೆ, ಕಳ್ಳನಿಗೂ, ನಿಮಗೂ. ಕೀ, ಅಂದರೆ ಪಾಸ್‌ವರ್ಡ್‌ನಂಥ ಗುಟ್ಟಿನ ಸಂಖ್ಯೆ, ಯಾರ ಕೈಲಿದೆಯೋ ಹೆಸರು ಅವರದು. ಆ ಕೀ ಕಳೆದರೆ ಮತ್ತೆ ಪಡೆಯಲು ಇರುವ ಆಸರೆ, ಮೊದಲೇ ಬರೆದಿಟ್ಟುಕೊಳ್ಳಬೇಕಾದ 12 ಅಥವಾ 24 ಪದಗಳ ಪಟ್ಟಿ, ಅದೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಮಂಡಿಪೇಟೆಯ ಪರಿಚಯದ ಸಾಹುಕಾರರೊಬ್ಬರು ಆ ಪದಗಳನ್ನು ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದಿಟ್ಟಿದ್ದರು. ಗುಮಾಸ್ತರು, ಆಡಿಟರ್ ಕಡೆಯ ಹುಡುಗ, ಎಲ್ಲರ ಕೈಗೂ ಹೋಗುವ ಪುಸ್ತಕ ಅದು. ಯಾರಾದರೂ ಫೋಟೋ ಹೊಡೆದುಕೊಂಡರೆ ಹೆಸರು ಹೋದಂತೆಯೇ. ವಾಪಸ್ ಕೊಡಿಸುವ ಕಚೇರಿ ಅಲ್ಲಿಲ್ಲ.

2011ರಲ್ಲಿ ನೇಮ್‌ಕಾಯಿನ್ ಅನ್ನುವ ಬ್ಲಾಕ್‌ಚೈನ್ ಹೆಸರಿನ ವ್ಯವಸ್ಥೆ ಶುರುವಾಯಿತು. ಮೊದಲು ಬಂದವರಿಗೆ ಹೆಸರು. 2015ರಲ್ಲಿ ಪ್ರಿನ್ಸ್‌ಟನ್ ಸಂಶೋಧಕರು ನೋಡಿದರೆ, ಸುಮಾರು 1,20,000 ಹೆಸರುಗಳಲ್ಲಿ ನಿಜವಾಗಿ ಬಳಕೆಯಲ್ಲಿದ್ದದ್ದು ಬರೀ 28! ‘ದಾವಣಗೆರೆ ಬೆಣ್ಣೆ ದೋಸೆ’ ಅನ್ನುವ ಹೆಸರನ್ನು ಒಂದು ದಿನವೂ ಹಂಚು ಕಾಯಿಸದವರು ಹೀಗೆ ಹಿಡಿದಿಟ್ಟುಕೊಂಡರೆ? ಡಾಟ್ ಇನ್ (.in) ವಿಳಾಸ ಆದರೆ ತಕರಾರು ಹಾಕಲು ನಿಯಮವಿದೆ, ತೀರ್ಪು ಬಂದರೆ ಹೆಸರು ಕೈ ಬದಲಾಗುತ್ತದೆ. ಇಲ್ಲಿ ಕೀ ಇಟ್ಟುಕೊಂಡವನು ಒಪ್ಪಬೇಕು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಬೋರ್ಡು ಟೈಪ್ ಮಾಡುವಾಗ ದಿನಾ ನೋಡುತ್ತೇನೆ, ಅನುಸ್ವಾರ ಮತ್ತು ಕನ್ನಡದ ಅಂಕಿ ಸೊನ್ನೆ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ‘ಮಂಡಿ’, ‘ಮ೦ಡಿ’ ನಮ್ಮ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದನ್ನು ನೀವು ಕೊಂಡರೆ ಇನ್ನೊಂದನ್ನು ಕಳ್ಳ ಕೊಳ್ಳಬಹುದು. ನಿಮ್ಮಲ್ಲಿ ಇದಕ್ಕೆ ತಡೆ ಇದೆಯಾ ಅಂತ ಒಬ್ಬ ಏಜೆಂಟರನ್ನು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇಂಥವರ ಮಾತು ನಂಬಿ ಜನ ದುಡ್ಡು ಹಾಕುತ್ತಿದ್ದಾರಲ್ಲ ಅಂತ ಸಂಕಟವಾಯಿತು.

ಈ ತಂತ್ರಜ್ಞಾನವೇ ಬೇಡ ಅನ್ನುತ್ತಿಲ್ಲ. ನಂಬಿಕಸ್ಥರು ಐವರನ್ನು ಗೊತ್ತುಮಾಡಿ, ಮೂವರು ಒಪ್ಪಿದರೆ ಕೀ ಬದಲಿಸುವ ಏರ್ಪಾಡು ಕೆಲವು ವಾಲೆಟ್‌ಗಳಲ್ಲಿ (ಕೀ ಇಟ್ಟುಕೊಳ್ಳುವ ಆ್ಯಪ್‌ಗಳಲ್ಲಿ) ಇದೆ. ಆ ಮೂವರೇ ಒಂದಾದರೆ ಕಷ್ಟ. ಆದರೂ ಒಂದು ಹಾಳೆ ನಂಬುವುದಕ್ಕಿಂತ ಮೇಲು. ಇದನ್ನೆಲ್ಲ ಮಾರುವ ಮುಂಚೆ ಕನ್ನಡದಲ್ಲಿ ಹೇಳಬೇಕಲ್ವಾ?

ನಮ್ಮ ವರ್ತಕರ ಸಂಘದವರು ಒಂದು ಸಂಜೆ ಸಭೆ ಕರೆಯಲಿ, ನಾನು ಬಂದು ತೋರಿಸಿ ವಿವರಿಸುತ್ತೇನೆ, ದುಡ್ಡೇನೂ ಬೇಡ. ಈಗಾಗಲೇ ಕೊಂಡವರು ಹಳೆ ಡೊಮೇನ್ ರಿನ್ಯೂವಲ್ ಮಾತ್ರ ತಪ್ಪಿಸಬೇಡಿ. ಬ್ಲಾಕ್‌ಚೈನ್ ಹೆಸರು ಕ್ರೋಮ್‌ನಲ್ಲಿ ನೇರವಾಗಿ ತೆರೆಯುವುದಿಲ್ಲ. ನಿಮ್ಮ ಗಿರಾಕಿಗಳು ಹುಡುಕುವುದು ಅಲ್ಲೇ.

– ಬೋರ್ಡು ಮತ್ತು ವೆಬ್‌ಸೈಟ್ ಡಿಸೈನರ್, ಪಿ.ಜೆ. ಬಡಾವಣೆ, ದಾವಣಗೆರೆ